ಗುಂಯ್‌ಗುಡುವ ಮರಿಂಬಾ

"ಇನ್ನೊಂದ್ಸಲ ಹಾಕೋ, ಇನ್ನೊಂದ್ಸಲ!"

ಎಲ್ಮೆರ್ ತನ್ನ ಅಕ್ಕನ ಮೊಬೈಲನ್ನು ತಲೆಯ ಮೇಲೆತ್ತಿ ಹಿಡಿದು ಮತ್ತೆ ಒತ್ತಿದ. ಶಾಲೆಯ ಅಂಗಳದಲ್ಲಿ ಏಳೆಂಟು ಮಕ್ಕಳು ಅವನನ್ನು ಮುತ್ತಿಕೊಂಡಿದ್ದರು. ವಿಡಿಯೊದಲ್ಲಿ ಒಡಿಲಿಯಾ ಮತ್ತು ಅವಳ ಅಜ್ಜ ಅಕ್ಕಪಕ್ಕ ನಿಂತು, ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ಒಂದೇ ಮರಿಂಬಾ ನುಡಿಸುತ್ತಿದ್ದರು. ಶುಕ್ರವಾರ ಶಾಲೆಯಲ್ಲಿ ಅಮ್ಮಂದಿರ ದಿನ. ಅವತ್ತು ಇವರಿಬ್ಬರದೇ ಮೊದಲ ಐಟಂ. ಅದಕ್ಕೇ ರುತ್ ಟೀಚರ್ ಭಾನುವಾರ ಅವರ ಮನೆಗೆ ಹೋಗಿ ವಿಡಿಯೊ ತೆಗೆದು, ಕ್ಲಾಸಿನ ಗ್ರೂಪಿಗೆ ಹಾಕಿದ್ದರು.

"ಕೇಳಿಸ್ತಾ? ಗುಂಯ್ ಅಂತಿದೆ ನೋಡಿ. ಒಳಗೆ ನೊಣ ಸಿಕ್ಕಾಕ್ಕೊಂಡಿದೆ!" ಎಂದ ಎಲ್ಮೆರ್.

"ಒಂದಲ್ಲ ಕಣೋ, ನೊಣಗಳ ಪಟಾಲಮ್ಮೇ ಇದೆ!" ಎಂದಿತು ಹಿಂದಿನಿಂದ ಇನ್ನೊಂದು ದನಿ. ಎಲ್ಲರೂ ಬಾಯಿ ಮುಚ್ಚಿಕೊಂಡು 'ಗುಂಯ್ಯ್' ಎಂದು ಸದ್ದು ಮಾಡತೊಡಗಿದರು.

ಪಕ್ಕದಲ್ಲೇ ನಿಂತಿದ್ದ ಒಡಿಲಿಯಾಳ ಕಿವಿ ಬಿಸಿಯಾಯಿತು. "ನಿನ್ನ ಮೊಬೈಲೇ ಡಬ್ಬಾ. ಅದಕ್ಕೇ ಹಂಗೆ ಕೇಳ್ತದೆ."

"ಡಬ್ಬಾನಾ? ಹಾಗಾದ್ರೆ ಇದನ್ನ ಕೇಳು."

ಅವನು ಬೇರೊಂದು ವಿಡಿಯೊ ಹಾಕಿದ. ಜಪಾನಿನ ಇಬ್ಬರು ಹುಡುಗಿಯರು. ಅವರ ಮರಿಂಬಾದ ಕೆಳಗೆ ಮಿರಮಿರ ಮಿಂಚುವ ಲೋಹದ ಕೊಳವೆಗಳು. ಅವರು ನುಡಿಸಿದರೆ ಗಾಜಿನ ಲೋಟಕ್ಕೆ ನೀರಿನ ಹನಿ ಬಿದ್ದಂತೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಗುಂಯ್ ಎನ್ನುವ ಸದ್ದು ಹುಡುಕಿದರೂ ಇರಲಿಲ್ಲ.

"ಮರಿಂಬಾ ಅಂದ್ರೆ ಗ್ವಾಟೆಮಾಲಾದ್ದು, ನಮ್ದು ಅಂತ ಟೀಚರ್ ಹೇಳ್ತಾರೆ. ಆದ್ರೆ ಅವರು ನೋಡು, ಎಷ್ಟು ಕ್ಲೀನಾಗಿ ಇಟ್ಕೊಂಡಿದಾರೆ," ಎಂದ ಎಲ್ಮೆರ್. ಈ ಸಲ ಅವನು ಅಣಕಿಸಲು ಹೇಳಿರಲಿಲ್ಲ. ನಿಜಕ್ಕೂ ಬೆರಗಾಗಿಯೇ ಹೇಳಿದ್ದ. ಒಡಿಲಿಯಾಗೆ ಅದೇ ಹೆಚ್ಚು ಚುಚ್ಚಿತು.

ಮರುದಿನ ಮಂಗಳವಾರ. ಒಡಿಲಿಯಾ ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅಮ್ಮ ಹೊಲಿಗೆ ಅಂಗಡಿಯಿಂದ ಬರುವುದು ಸಂಜೆಗೆ. ಬಡಗಿ ಕೆಲಸ ಮಾಡುವ ಸಿರಿಲೊ ಅಜ್ಜ, ಗುಡ್ಡದ ಮೇಲಿನ ಮನೆಯೊಂದಕ್ಕೆ ಬಾಗಿಲು ಕೂರಿಸಲು ಹೋಗಿದ್ದ. ಜಗಲಿಯಲ್ಲಿ ಮರಿಂಬಾ ಒಂದೇ ನಿಂತಿತ್ತು. ಅದರ ಕೆಳಗೆ ಬೆಕ್ಕು ಮಿಶು ಮಲಗಿತ್ತು.

ಒಡಿಲಿಯಾ ಮಂಡಿಯೂರಿ ಮರಿಂಬಾದ ಅಡಿಯನ್ನು ನೋಡಿದಳು. ಮೇಲೆ ಮೂವತ್ತೆರಡು ಮರದ ಪಟ್ಟಿಗಳು. ಎಡಕ್ಕೆ ದೊಡ್ಡವು, ಬಲಕ್ಕೆ ಬರುತ್ತ ಬರುತ್ತ ಚಿಕ್ಕವು. ಪ್ರತಿ ಪಟ್ಟಿಯ ಕೆಳಗೂ ಒಂದೊಂದು ಉದ್ದನೆಯ ಮರದ ಪೆಟ್ಟಿಗೆ ತೂಗುತ್ತಿತ್ತು. ಪ್ರತಿ ಪೆಟ್ಟಿಗೆಯ ಬುಡದ ಹತ್ತಿರ ಒಂದು ತೂತು. ತೂತಿನ ಸುತ್ತ ಕಪ್ಪು ಮೇಣ. ಮೇಣದ ಮೇಲೆ ಈರುಳ್ಳಿ ಸಿಪ್ಪೆಯಂಥ ತೆಳ್ಳಗಿನ ಒಂದು ಪೊರೆ. ಅವಳು ಕೈ ಮೇಲೆತ್ತಿ ಒಂದು ಪಟ್ಟಿಯನ್ನು ಬೆರಳಿನಿಂದ ಕುಟ್ಟಿದಳು. ಪೊರೆ ನಡುಗಿತು. ಗುಂಯ್.

'ಓಹೋ, ನೀನೇ ತಾನೇ ಅದು!'

ಹಳೆಯ ಮರಿಂಬಾ. ಯಾವ ಕಾಲದಲ್ಲೋ ಪೆಟ್ಟಿಗೆಗಳು ತೂತಾಗಿರಬೇಕು, ಅಜ್ಜ ತೇಪೆ ಹಾಕಿರಬೇಕು. ಈಗ ತೇಪೆಗಳೂ ಸಡಿಲವಾಗಿವೆ. ಅಜ್ಜನಿಗೆ ವಯಸ್ಸಾಯಿತು, ಕೇಳಿಸುವುದಿಲ್ಲ, ಪಾಪ. ಎಲ್ಲ ತೆಗೆದು ಚೊಕ್ಕ ಮಾಡಿಟ್ಟರೆ ಅಜ್ಜನಿಗೆ ಎಷ್ಟು ಖುಷಿಯಾಗಬಹುದು!

ಅವಳು ಉಗುರಿನಿಂದ ಮೇಣವನ್ನು ಕೆರೆದಳು. ಪೊರೆ ಸುಲಭವಾಗಿ ಎದ್ದು ಬಂತು. ಎರಡು, ಮೂರು, ಹತ್ತು, ಇಪ್ಪತ್ತು. ಹರಿದ ಪೊರೆಗಳನ್ನು ಅಂಗಳಕ್ಕೆ ಎಸೆದರೆ ಕೋಳಿಗಳು ಓಡಿಬಂದು ನುಂಗಿದವು. ಮೇಣವನ್ನು ಮಾತ್ರ ಅವಳು ಎಸೆಯಲಿಲ್ಲ. ಅಂಗೈಯಲ್ಲಿ ಹೊಸೆದು ಉಂಡೆ ಮಾಡಿದಳು, ಅದು ನಿಂಬೆಹಣ್ಣಿನಷ್ಟಾಯಿತು. ಸಣ್ಣ ದನಿಯ ಬದಿಯ ಒಂದು ಪೆಟ್ಟಿಗೆಯಲ್ಲಿ ಮಾತ್ರ ಮೇಣ ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಕೆರೆಯುತ್ತಿರುವಾಗಲೇ ಬೀದಿಯಲ್ಲಿ ಅಜ್ಜನ ಕೆಮ್ಮು ಕೇಳಿಸಿತು. ಉಂಡೆಯನ್ನು ಜೇಬಿಗೆ ಹಾಕಿಕೊಂಡು ಎದ್ದು ನಿಂತಳು.

"ಬಾ ಪುಟ್ಟಿ, ಅಮ್ಮ ಬರೋದ್ರೊಳಗೆ ಒಂದು ಸಲ ನುಡಿಸಿಬಿಡೋಣ," ಎಂದ ಅಜ್ಜ. ಅವನು ಎಡಕ್ಕೆ, ದಪ್ಪ ದನಿಯ ಬದಿಯಲ್ಲಿ ನಿಂತ. ಒಡಿಲಿಯಾ ಬಲಕ್ಕೆ, ಸಣ್ಣ ದನಿಯ ಬದಿಯಲ್ಲಿ. ಹಾಡಿನ ರಾಗವೆಲ್ಲ ಅವಳ ಬದಿಯದು. ಆ ಬದಿಗೆ ಬರಲು ಅವಳು ಆರು ತಿಂಗಳು ಕಾದಿದ್ದಳು. ಅಲ್ಲಿಯವರೆಗೆ ಅಜ್ಜ ತಾನು ರಾಗ ನುಡಿಸದೆ, ಅವಳೊಬ್ಬಳನ್ನೇ ದಪ್ಪ ದನಿಯ ಬದಿಯಲ್ಲಿ ನಿಲ್ಲಿಸಿ, ಢಂ ಚ ಚ, ಢಂ ಚ ಚ ಎಂದು ಅದನ್ನೇ ಬಾರಿಸುವಂತೆ ಮಾಡಿ ಗೋಳು ಹುಯ್ದುಕೊಂಡಿದ್ದ.

ಅಜ್ಜ ರಬ್ಬರ್ ಸುತ್ತಿದ ಕೋಲಿನಿಂದ ಮೊದಲ ಪಟ್ಟಿಯನ್ನು ಹೊಡೆದ.

ಟೊಕ್.

ಅಜ್ಜನ ಹುಬ್ಬು ಮೇಲೇರಿತು. ಮತ್ತೆ ಹೊಡೆದ. ಟೊಕ್. ಸದ್ದು ಬಂದಷ್ಟೇ ಬೇಗ ಸತ್ತುಹೋಯಿತು. ಅವನು ನಿಧಾನವಾಗಿ ಬಗ್ಗಿ ಕೆಳಗೆ ನೋಡಿದ. ಬಹಳ ಹೊತ್ತು ಮೇಲೇಳಲಿಲ್ಲ.

"ಇಲಿಗಳು!" ಎಂದ ಕೊನೆಗೆ. "ಮೇಣ, ಪೊರೆ ಎಲ್ಲಾ ತಿಂದು ಹಾಕಿವೆ. ಮೂವತ್ತು ವರ್ಷದಲ್ಲಿ ಹಿಂಗಾಗಿರಲಿಲ್ಲ." ಆಮೇಲೆ ಮಿಶುವನ್ನು ನೋಡಿದ. "ಮತ್ತೆ ನೀನು? ನೀನು ಇಲ್ಲಿ ಗೊರಕೆ ಹೊಡೀತಾ ಇದ್ಯಾ, ಮಹಾರಾಜ?"

ಒಡಿಲಿಯಾ ಜೇಬಿನ ಉಂಡೆಯನ್ನು ಮುಷ್ಟಿಯಲ್ಲಿ ಅದುಮಿಕೊಂಡಳು. ಅಜ್ಜನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದಳಲ್ಲ, ಆ ಮುಖದಲ್ಲಿ ಖುಷಿ ಎಲ್ಲೂ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಜ್ಜ ಒಂದೇ ಒಂದು ತಮಾಷೆ ಮಾಡಲಿಲ್ಲ. ತೊರ್ತಿಯಾ ರೊಟ್ಟಿಯನ್ನು ಮುರಿದು ಮುರಿದು ಕಾಳಿನ ಸಾರಿನಲ್ಲಿ ಅದ್ದುತ್ತ, ಜಗಲಿಯ ಕಡೆಗೇ ನೋಡುತ್ತಿದ್ದ.

ಬುಧವಾರ ಮಧ್ಯಾಹ್ನ ಅವಳು ಶಾಲೆಯಿಂದ ಬರುವಾಗ, ಬೀದಿಯ ಮೂಲೆಯ ಬೇಕರಿಯ ಮುಂದೆ ಅಜ್ಜ ನಿಂತಿದ್ದ. ಕೈಯಲ್ಲಿ ಒಂದು ಗೋಣಿಚೀಲ. ಚೀಲ ಒದ್ದಾಡುತ್ತಿತ್ತು.

"ತಗೋ ಚಾಬೆಲಾ," ಎನ್ನುತ್ತಿದ್ದ ಅವನು ಬೇಕರಿಯಾಕೆಗೆ. "ನಿನ್ನ ಹಿಟ್ಟಿನ ಕೋಣೇಲಿ ಇಟ್ಕೋ. ನಮ್ಮನೇಲಂತೂ ಇದು ಸೋಮಾರಿಯಾಗಿ ಹೋಯ್ತು. ನಾನು ಬೇರೊಂದು ಮರಿ ತರ್ತೀನಿ."

"ಮಿಯಾಂವ್," ಎಂದಿತು ಚೀಲ.

"ಬೇಡ ಅಜ್ಜ!" ಒಡಿಲಿಯಾ ಓಡಿದಳು. ಬ್ಯಾಗು ಬೆನ್ನಿನ ಮೇಲೆ ದಡಬಡ ಕುಣಿಯಿತು. "ಮಿಶುದೇನೂ ತಪ್ಪಿಲ್ಲ. ಇಲಿಗಳೂ ಅಲ್ಲ."

"ಮತ್ಯಾರು?"

ಅವಳು ಜೇಬಿಗೆ ಕೈ ಹಾಕಿ, ಕಪ್ಪು ಮೇಣದ ಉಂಡೆಯನ್ನು ತೆಗೆದು ಅಂಗೈ ಚಾಚಿದಳು.

ಅಜ್ಜ ಉಂಡೆಯನ್ನು ನೋಡಿದ. ಅವಳನ್ನು ನೋಡಿದ. ಚೀಲದ ಬಾಯಿ ಸಡಿಲಿಸಿದ. ಮಿಶು ಹಾರಿ, ಬಾಲ ದಪ್ಪ ಮಾಡಿಕೊಂಡು ಮನೆಯ ಕಡೆ ಓಡಿತು.

"ಯಾಕೆ ಪುಟ್ಟಿ?"

"ಕ್ಲೀನ್ ಮಾಡೋಣಾಂತ. ನೊಣ ಸೇರ್ಕೊಂಡಿದೆ ಅಂತ ಎಲ್ಲರೂ ನಗ್ತಾರೆ. ವಿಡಿಯೊದಲ್ಲಿ ಜಪಾನಿನವರದ್ದು ಹಂಗೆ ಗುಂಯ್ ಅನ್ನಲ್ಲ..." ಮುಂದಿನದು ಅಳುವಿನಲ್ಲಿ ಕರಗಿತು.

ಅಜ್ಜ ಬೈಯಲಿಲ್ಲ. ಉಂಡೆಯನ್ನು ತೆಗೆದುಕೊಂಡು, "ನೀನು ಇಲ್ಲೇ ನಿಂತಿರು," ಎಂದು ಹೇಳಿ ಮನೆಗೆ ಹೊರಟುಹೋದ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಒಡಿಲಿಯಾಗೆ.

ಅವಳು ಬೇಕರಿಯ ಮೆಟ್ಟಿಲ ಮೇಲೆ ನಿಂತಳು. ಬಸ್ಸೊಂದು ಹೊಗೆಯುಗುಳುತ್ತ ಹೋಯಿತು. ಯಾರೋ ಆವಕಾಡೊ ಮಾರಲು ಕೂಗುತ್ತಿದ್ದರು. ಅಷ್ಟರಲ್ಲಿ ಮನೆಯ ಕಡೆಯಿಂದ ಒಂದು ಸ್ವರ ತೇಲಿ ಬಂತು. ಎಳೆದ ದಾರದಂಥ ಸ್ವರ, ತುದಿಯಲ್ಲಿ ಗುಂಯ್ ಎನ್ನುವ ನಡುಕ. ಸ್ವಲ್ಪ ಬಿಟ್ಟು ಅದೇ ಸ್ವರ ಇನ್ನೊಮ್ಮೆ. ಮತ್ತೊಮ್ಮೆ.

"ಹಾಂ, ಬಂತಲ್ಲಪ್ಪ!" ಚಾಬೆಲಾ ಹಿಟ್ಟಿನ ಕೈಯನ್ನು ಸೊಂಟಕ್ಕೆ ಒರೆಸಿಕೊಂಡರು. "ನಿನ್ನೆ ಸಂಜೆ ಈ ದನೀನೇ ಇರಲಿಲ್ಲ. ನಿನ್ನಜ್ಜ ನುಡಿಸಲು ಶುರು ಮಾಡಿದ ಅಂದ್ರೆ ಒಲೆ ಮುಂದೆ ನಿಂತಿದ್ರೂ ನಂಗೆ ಕೇಳ್ತದೆ. ಆವಾಗ್ಲೇ ನಾನು ಸಂಜೆ ಬ್ರೆಡ್ಡು ಒಳಗೆ ತಳ್ಳೋದು. ನಿನ್ನೆ ಮರೆತು, ಒಂದು ತಟ್ಟೆ ಪೂರ್ತಿ ತಡವಾಯ್ತು ನೋಡು."

ಒಡಿಲಿಯಾ ಮನೆಗೆ ಹೋದಳು. ಅಜ್ಜ ಕೋಲು ಹಿಡಿದು ನಿಂತಿದ್ದ.

"ಎಷ್ಟು ಸಲ ಕೇಳಿಸ್ತು?"

"ಮೂರು."

"ನಾನು ಹೊಡೆದಿದ್ದು ಆರು." ಅವನು ಅಕ್ಕಪಕ್ಕದ ಎರಡು ಪಟ್ಟಿಗಳನ್ನು ತೋರಿಸಿದ. ಒಂದು, ಅವಳಿಂದ ಕೀಳಲಾಗದೆ ಉಳಿದ ಪೊರೆಯದು. ಇನ್ನೊಂದರ ಪೆಟ್ಟಿಗೆಯ ತೂತು ಬರಿದಾಗಿತ್ತು; ಅದರ ಮೂರು ಹೊಡೆತ ಬೇಕರಿಯವರೆಗೆ ಬಂದೇ ಇರಲಿಲ್ಲ.

ಗುರುವಾರ ಬೆಳಗ್ಗೆ ಶಾಲೆಗೆ ಮುಂಚೆಯೇ ಇಬ್ಬರೂ ಸಂತೆಗೆ ಹೋದರು. ಪೊರೆ ಮಾಡಲು ಹಂದಿಯ ಕರುಳೇ ಬೇಕು. ಮಾಂಸದಂಗಡಿಯ ನೀತೊ ಎರಡೂ ಕೈ ಮೇಲೆತ್ತಿದ.

"ಕರುಳಾ? ದೋನ್ ಸಿರಿಲೊ, ನಾಳೆ ಅಮ್ಮಂದಿರ ದಿನ. ಇಡೀ ಊರಿಗೆ ಸಾಸೇಜ್ ಬೇಕು. ಕರುಳೆಲ್ಲ ಅದಕ್ಕೇ ಹೋಯ್ತು. ನನ್ನ ಹೊಟ್ಟೆಯೊಳಗಿನದು ಒಂದೇ ಉಳಿದಿರೋದು."

"ನಿನ್ನದು ಬೇಡಪ್ಪ. ಮರಿಂಬಾ ಬೆಳ್ಳುಳ್ಳಿ ವಾಸನೆ ಹೊಡೀತದೆ," ಎಂದ ಅಜ್ಜ.

ಒಡಿಲಿಯಾಗೆ ಜೋರಾಗಿ ನಗು ಬಂತು. ಎರಡು ದಿನದ ಮೇಲೆ ಅಜ್ಜ ಮೊದಲ ಸಲ ತಮಾಷೆ ಮಾಡಿದ್ದ. ನೀತೊ ಕೂಡ ನಕ್ಕು, ಬಕೆಟ್ಟಿನ ತಳವನ್ನೆಲ್ಲ ಹುಡುಕಿ, ಸಾಸೇಜಿಗೆ ಆಗದ ಒಂದು ಹರಕು ತುಂಡನ್ನು ತೆಗೆದುಕೊಟ್ಟ. ಒಂದು ಗೇಣು ಉದ್ದವಿತ್ತು, ಅಷ್ಟೆ.

ಅಜ್ಜ ಅದನ್ನು ಸುಣ್ಣದ ನೀರಲ್ಲಿ ತೊಳೆದು, ಚಮಚದ ಅಂಚಿನಿಂದ ಹೆರೆದು, ಹಲಗೆಯ ಮೇಲೆ ಎಳೆದು ಬಿಸಿಲಿಗಿಟ್ಟಿದ್ದ. ಮಧ್ಯಾಹ್ನ ಒಡಿಲಿಯಾ ಬರುವಷ್ಟರಲ್ಲಿ ಅದು ಎಷ್ಟು ತೆಳ್ಳಗಾಗಿತ್ತೆಂದರೆ, ಅದರ ಮೂಲಕ ಹಲಗೆಯ ಗೆರೆಗಳು ಕಾಣುತ್ತಿದ್ದವು.

"ಕೂತ್ಕೋ. ಕಿತ್ತವರೇ ಅಂಟಿಸ್ಬೇಕು."

ಮೇಣವನ್ನು ಬೆರಳಲ್ಲಿ ತಿಕ್ಕಿ ಮೆತ್ತಗೆ ಮಾಡಬೇಕು. ತೂತಿನ ಸುತ್ತ ಉಂಗುರದಂತೆ ಒತ್ತಬೇಕು. ಅದರ ಮೇಲೆ ಉಗುರಿನಷ್ಟು ಪೊರೆ ಇಡಬೇಕು. ಕೇಳಲು ಸುಲಭ. ಒಡಿಲಿಯಾ ಮೊದಲು ಅಂಟಿಸಿದ್ದು ಹರಿದ ಪ್ಲಾಸ್ಟಿಕ್ ಚೀಲದಂತೆ ಪಟಪಟ ಎಂದಿತು. ಎರಡನೆಯ ಸಲ ಬಿಗಿಯಾಗಿ ಎಳೆದಳು. ಅದು ಸದ್ದೇ ಮಾಡಲಿಲ್ಲ.

ಅಜ್ಜನ ಬೆರಳುಗಳು ದಪ್ಪ. ಉಳಿಯ ಏಟಿನ ಗುರುತುಗಳು ಅವುಗಳ ತುಂಬ. ಆದರೆ ಪೊರೆಯನ್ನು ಮುಟ್ಟುವಾಗ ಅವು ಬೇರೆ ಯಾರದೋ ಬೆರಳುಗಳಂತೆ ಹಗುರವಾಗಿಬಿಡುತ್ತಿದ್ದವು. ಅವನು ಒಂದೊಂದನ್ನೂ ಅಂಟಿಸಿ, ಪಟ್ಟಿಯನ್ನು ಕುಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಮೇಣವನ್ನು ಕೂದಲೆಳೆಯಷ್ಟು ಒತ್ತುತ್ತಿದ್ದ. ಮತ್ತೆ ಕೇಳುತ್ತಿದ್ದ. ಅಜ್ಜನಿಗೆ ಕಿವಿ ಮಂದ ಎಂದುಕೊಂಡಿದ್ದಕ್ಕೆ ಒಡಿಲಿಯಾಗೆ ನಾಚಿಕೆಯಾಯಿತು. ತನಗೆ ಕೇಳಿಸದ ಎಷ್ಟೋ ಸಂಗತಿಗಳು ಅವನಿಗೆ ಕೇಳಿಸುತ್ತಿದ್ದವು.

"ಇಲ್ಲಿ ಬೆರಳಿಡು," ಎಂದು ಅವನು ಪಟ್ಟಿ ಕುಟ್ಟಿದ. ಬೆರಳ ತುದಿಗೆ ಕಚಗುಳಿ ಇಟ್ಟಂತಾಯಿತು. "ಮರ ಬೇಗ ಸುಮ್ಮನಾಗಿಬಿಡ್ತದೆ ಪುಟ್ಟಿ. ಪಟ್ಟಿ ಅಲುಗಿದ್ರೆ ಪೆಟ್ಟಿಗೆಯೊಳಗಿನ ಗಾಳಿ ಅಲುಗ್ತದೆ. ಗಾಳಿ ಅಲುಗಿದ್ರೆ ಇದು ನಡುಗ್ತದೆ. ಆವಾಗ ಸ್ವರ ಇನ್ನೊಂದು ಚೂರು ಬದುಕ್ತದೆ."

"ಹಾಗಾದ್ರೆ ಜಪಾನಿನವರದ್ದು ತಪ್ಪಾ?"

"ಯಾರಂದ್ರು? ನಂಗೂ ಆ ವಿಡಿಯೊ ತೋರಿಸು, ನೋಡೋಣ. ಅವರು ದೊಡ್ಡ ಸಭಾಂಗಣದೊಳಗೆ ನುಡಿಸ್ತಾರೆ. ಜನ ಕೆಮ್ಮೋದೂ ಇಲ್ಲ. ನಾನು ನುಡಿಸಿದ್ದು ಮದುವೆ ಮನೆ ಅಂಗಳದಲ್ಲಿ. ಒಂದು ಕಡೆ ಪಟಾಕಿ, ಒಂದು ಕಡೆ ನಾಯಿ, ಒಂದು ಕಡೆ ಮದುಮಗನ ಚಿಕ್ಕಪ್ಪನ ಜಗಳ." ಅಜ್ಜ ನಕ್ಕು, ಕೆಲಸ ಮಾಡುತ್ತಲೇ ಅವರ ಹಾಡನ್ನು ಗುನುಗತೊಡಗಿದ.

"ಅಜ್ಜ, ಈ ಹಾಡು ಯಾರು ಮಾಡಿದ್ದು?"

"ನಾನೇ."

ಒಡಿಲಿಯಾ ಕೈ ನಿಲ್ಲಿಸಿದಳು. ಅವಳು ಅದನ್ನು ಗುಡ್ಡಗಳಂತೆ, ಚರ್ಚಿನ ಗಂಟೆಯಂತೆ, ಮೊದಲಿನಿಂದಲೂ ಇದ್ದದ್ದು ಎಂದುಕೊಂಡಿದ್ದಳು.

"ನಿನ್ನಮ್ಮ ಹುಟ್ಟಿದ ವಾರ ಮಾಡಿದ್ದು. ಅವಳು ಹಗಲೂ ರಾತ್ರಿ ಅಳ್ತಿದ್ಲು. ಇದನ್ನ ನುಡಿಸಿದ್ರೆ ಮಾತ್ರ ಸುಮ್ಮನಾಗೋಳು. ನಿಮ್ಮಜ್ಜಿಗಂತೂ ಕೇಳಿ ಕೇಳಿ ಸಾಕಾಗಿತ್ತು."

ಹರಿದ ಕಡೆಗಳನ್ನು ಬಿಟ್ಟರೆ ಪೊರೆ ಹದಿನೈದು ಪೆಟ್ಟಿಗೆಗಳಿಗಷ್ಟೇ ಸಾಕಾಯಿತು. ಮೊದಲೇ ಉಳಿದಿದ್ದ ಒಂದು ಸೇರಿದರೆ ಹದಿನಾರು. ಸರಿಯಾಗಿ ಅರ್ಧ ಮರಿಂಬಾ. ಅಜ್ಜ ಏನೂ ಕೇಳದೆ ಅಷ್ಟನ್ನೂ ಸಣ್ಣ ದನಿಯ ಬದಿಗೇ ಅಂಟಿಸಿದ್ದ.

"ನಿನ್ನ ಬದಿ?" ಎಂದಳು ಒಡಿಲಿಯಾ.

"ನಾನು ಗಟ್ಟಿಯಾಗಿ ಹೊಡೀತೀನಿ ಬಿಡು. ನಾಳೆ ನಿನ್ನ ಶಾಲೆ, ನಿನ್ನ ರಾಗ."

ಶುಕ್ರವಾರ ನೀತೊನ ಪಿಕಪ್ಪಿನಲ್ಲಿ ಮರಿಂಬಾ ಶಾಲೆಗೆ ಬಂತು. ಅಂಗಳದ ತುಂಬ ಬಣ್ಣದ ಕಾಗದದ ಮಾಲೆಗಳು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಮ್ಮಂದಿರು, ಮಡಿಲಲ್ಲಿ ಪಾಪುಗಳು, ಪಕ್ಕದಲ್ಲಿ ಚಿಕ್ಕಮ್ಮಂದಿರು. ಒಡಿಲಿಯಾಳ ಅಮ್ಮ ಮೂರನೆಯ ಸಾಲಿನಲ್ಲಿ, ಹೊಲಿಗೆ ಅಂಗಡಿಯಿಂದ ಒಂದು ಗಂಟೆ ಕೇಳಿಕೊಂಡು ಬಂದು ಕೂತಿದ್ದಳು. ತೋಳಿನ ಮೇಲೆ ಇನ್ನೂ ಒಂದು ನೂಲು ಅಂಟಿಕೊಂಡಿತ್ತು.

ಎಲ್ಮೆರ್ ಮರಿಂಬಾದ ಹತ್ತಿರ ಸುಳಿದಾಡಿದ. "ಇವತ್ತೂ ನೊಣ ಇದೆಯಾ?"

"ಅರ್ಧಕ್ಕೆ ಮಾತ್ರ," ಎಂದಳು ಒಡಿಲಿಯಾ. "ಬಗ್ಗು. ಅಲ್ಲಿ ಬೆರಳಿಡು. ಮೆತ್ತಗೆ."

ಅವಳು ಪಟ್ಟಿ ಕುಟ್ಟಿದಳು. ಎಲ್ಮೆರ್ ಬೆರಳನ್ನು ಫಕ್ಕನೆ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಮತ್ತೆ ಇಟ್ಟ. "ಇದು... ಜೀವ ಇರೋ ಥರ ಇದೆಯಲ್ಲೇ! ಇನ್ನೊಂದ್ಸಲ ಹೊಡಿ." ಟೀಚರ್ ಬಂದು ಅವನ ಕಾಲರ್ ಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ರುತ್ ಟೀಚರ್ ಇಬ್ಬರ ಹೆಸರನ್ನೂ ಮೈಕಿನಲ್ಲಿ ಕೂಗಿದರು. ಅಜ್ಜ ಹ್ಯಾಟ್ ತೆಗೆದು, ಎಂದಿನಂತೆ ಎಡಕ್ಕೆ ಹೋಗಿ ನಿಂತ. ಒಡಿಲಿಯಾ ಅಲ್ಲೇ ನಿಂತು ಮೂರನೆಯ ಸಾಲನ್ನು ನೋಡಿದಳು. ಅಮ್ಮ ಅಜ್ಜನನ್ನು ನೋಡುತ್ತಿದ್ದಳು.

"ಅಜ್ಜ, ನೀನು ಆ ಕಡೆ ಹೋಗು."

"ಏನು?"

"ರಾಗ ನೀನು ನುಡಿಸು. ದಪ್ಪ ದನಿ ನಾನು ನೋಡ್ಕೋತೀನಿ."

"ಈಗಲಾ? ಜನ ಕಾಯ್ತಿದಾರೆ ಪುಟ್ಟಿ. ನಿಂಗೆ ಅದು ಮರೆತಿಲ್ವಾ?"

"ಆರು ತಿಂಗಳು ಅದನ್ನೇ ಬಾರಿಸಿದ್ನಲ್ಲ, ನಿದ್ದೇಲೂ ಬರ್ತದೆ. ಹೋಗು ಅಜ್ಜ."

ಅಜ್ಜ ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ತನ್ನ ದಪ್ಪ ಕೋಲುಗಳನ್ನು ಅವಳಿಗೆ ಕೊಟ್ಟು, ಅವಳ ಸಣ್ಣ ಕೋಲುಗಳನ್ನು ತೆಗೆದುಕೊಂಡ.

ಢಂ ಚ ಚ. ಢಂ ಚ ಚ. ಒಡಿಲಿಯಾ ಶುರು ಮಾಡಿದಳು. ಪೊರೆಯಿಲ್ಲದ ಪಟ್ಟಿಗಳು ಮೆಲ್ಲಗೆ ಮಾತಾಡಿದವು. ಅವುಗಳ ಮೇಲೆ ಅಜ್ಜನ ಕೋಲುಗಳು ಇಳಿದವು.

ಅಜ್ಜ ಹೀಗೆ ನುಡಿಸುವುದನ್ನು ಅವಳು ಎಂದೂ ಕೇಳಿರಲಿಲ್ಲ. ಎರಡೂ ಕೋಲುಗಳು ಒಂದೇ ಪಟ್ಟಿಯ ಮೇಲೆ ಜೇನುಹುಳದ ರೆಕ್ಕೆಯಷ್ಟು ವೇಗವಾಗಿ ಆಡುತ್ತಿದ್ದವು. ಹೊಡೆತ ಕಾಣುತ್ತಿರಲಿಲ್ಲ. ಉದ್ದನೆಯ, ನಡುಗುವ ಒಂದೇ ಸ್ವರ ಮಾತ್ರ ಕೇಳುತ್ತಿತ್ತು, ಯಾರೋ ಬಾಯಿ ಮುಚ್ಚಿಕೊಂಡು ಹಾಡುತ್ತಿರುವಂತೆ. ಅದು ಕುರ್ಚಿಗಳ ಮೇಲೆ ಹಾದು ಗೇಟಿನವರೆಗೂ ಹೋಯಿತು. ಗೇಟಿನಾಚೆ ಐಸ್‌ಕ್ರೀಮ್ ಗಾಡಿಯವನು ಗಂಟೆ ಅಲ್ಲಾಡಿಸುವುದನ್ನು ನಿಲ್ಲಿಸಿದ. ಮೂರನೆಯ ಸಾಲಿನಲ್ಲಿ ಅಮ್ಮ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ನಡುವೆ ಒಂದು ಕಡೆ ಅಜ್ಜ ಇದ್ದಕ್ಕಿದ್ದಂತೆ ನಿಧಾನ ಮಾಡಿದ. ಒಡಿಲಿಯಾ ಕೈ ತಡೆದಳು. ಅವನು ಓಡಿದ, ಅವಳೂ ಓಡಿದಳು. ಅವನ ಮೊಣಕೈಯನ್ನು, ಅವನ ಉಸಿರನ್ನು ನೋಡುತ್ತ, ಅವನು ಎಲ್ಲಿಗೆ ಹೋಗುತ್ತಾನೋ ಅಲ್ಲಿ ಮೊದಲೇ ಹೋಗಿ ನಿಂತಿರಬೇಕಿತ್ತು. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಇಷ್ಟು ದಿನ ತಾನು ರಾಗ ನುಡಿಸುವಾಗ ಎಷ್ಟು ಸಲ ಓಡಿಲ್ಲ, ಎಷ್ಟು ಸಲ ಮರೆತು ನಿಂತಿಲ್ಲ! ಆಗೆಲ್ಲ ಹಾಡು ಮಾತ್ರ ಎಲ್ಲೂ ಮುರಿದಿರಲಿಲ್ಲ. ತಾನೇ ಚೆನ್ನಾಗಿ ನುಡಿಸುತ್ತೇನೆ ಎಂದು ಅವಳು ತಿಳಿದಿದ್ದಳು.

ಅವಳು ಪಕ್ಕಕ್ಕೆ ನೋಡಿದಳು. ಅಜ್ಜ ಪಟ್ಟಿಗಳನ್ನು ನೋಡುತ್ತಲೇ ಇರಲಿಲ್ಲ. ಮೂರನೆಯ ಸಾಲನ್ನು ನೋಡುತ್ತಿದ್ದ. ನುಡಿಸುವಾಗ ಹಾಗೆ ತಲೆಯೆತ್ತಿ ನೋಡಬೇಕಾದರೆ, ಪಕ್ಕದಲ್ಲಿರುವವರ ಮೇಲೆ ಪೂರ್ತಿ ನಂಬಿಕೆ ಇರಬೇಕು.

ಕೊನೆಯ ಸ್ವರ ಬಂತು. ಇಬ್ಬರ ಕೋಲುಗಳೂ ಒಟ್ಟಿಗೆ ಬಿದ್ದವು, ಒಟ್ಟಿಗೆ ಎದ್ದವು. ಅಜ್ಜನ ಬದಿಯಲ್ಲಿ ಪೊರೆ ಇನ್ನೂ ನಡುಗುತ್ತಿತ್ತು. ಜನ ಚಪ್ಪಾಳೆಗೆ ಕೈ ಎತ್ತಿದ್ದರು. ಒಡಿಲಿಯಾ ಕೋಲುಗಳನ್ನು ಗಾಳಿಯಲ್ಲೇ ಹಿಡಿದು, ಅಲುಗದೆ ನಿಂತಳು. ಆ ಸದ್ದು ಪೂರ್ತಿ ಮುಗಿಯುವವರೆಗೂ ಅವುಗಳನ್ನು ಕೆಳಗಿಳಿಸಲಿಲ್ಲ.